ಕತ್ತಿ ಹಿಡಿದವರ ಕೈಯಲ್ಲೇ ಲೇಖನಿ

ದಿಲ್‌ಸುಖ್‌ನಗರದ ಮೆಟ್ರೊ ಕಂಬಗಳ ಆಚೀಚೆ ಇರುವ ಪುಸ್ತಕದಂಗಡಿಗಳಲ್ಲಿ ಯುದ್ಧದ ಪುಸ್ತಕ ಕೇಳಿದರೆ ಕೈಗೆ ಬರುವುದು ಎನ್‌ಡಿಎ, ಸಿಡಿಎಸ್, ಅಗ್ನಿವೀರ್ ಗೈಡುಗಳು. ಹೈದರಾಬಾದಿನ ಈ ಬಡಾವಣೆ ನಿಂತಿರುವುದೇ ಪರೀಕ್ಷೆಗಳ ಮೇಲೆ. ಒಂದು ಮಹಡಿಯಲ್ಲಿ ಕೋಚಿಂಗ್ ಸೆಂಟರು, ಅದರ ಮೇಲೆ ಹಾಸ್ಟೆಲ್ಲು, ಕೆಳಗೆ ಜೆರಾಕ್ಸ್ ಅಂಗಡಿ, ಪಕ್ಕದಲ್ಲಿ ಮಿರ್ಚಿ ಬಜ್ಜಿಯ ಬಾಣಲೆ. ಸೈನ್ಯಕ್ಕೆ ಸೇರುವುದು ಹೇಗೆಂದು ತಿಳಿಸುವ ಪುಸ್ತಕಗಳು ಇಲ್ಲಿ ಬೇಕಾದಷ್ಟು ಸಿಗುತ್ತವೆ. ಎದೆ ಎಷ್ಟು ಸೆಂಟಿಮೀಟರ್ ಉಬ್ಬಬೇಕು, 1.6 ಕಿಲೊಮೀಟರನ್ನು ಎಷ್ಟು ನಿಮಿಷದಲ್ಲಿ ಓಡಬೇಕು, ಸಾಮಾನ್ಯ ಜ್ಞಾನದಲ್ಲಿ ಯಾವ ಪ್ರಶ್ನೆ ಬೀಳಬಹುದು, ಎಲ್ಲ ಉಂಟು. ಸೇರಿದ ಮೇಲೆ ಮನುಷ್ಯನಿಗೆ ಏನಾಗುತ್ತದೆ ಎಂದು ಹೇಳುವ ಪುಸ್ತಕಕ್ಕೆ ಮಾತ್ರ ಇಲ್ಲಿ ಗಿರಾಕಿಯಿಲ್ಲ. ಅದು ಅಂಗಡಿಯವನ ತಪ್ಪೇನಲ್ಲ. 2022ರ ಜೂನ್ 17ರಂದು ಅಗ್ನಿಪಥ ಯೋಜನೆಯ ವಿರುದ್ಧ ಸಿಕಂದರಾಬಾದ್ ರೈಲು ನಿಲ್ದಾಣದಲ್ಲಿ ಬೋಗಿಗಳಿಗೆ ಬೆಂಕಿ ಬಿದ್ದಾಗ, ಪೊಲೀಸರ ಗುಂಡಿಗೆ ಒಬ್ಬ ಯುವಕ ಸತ್ತಾಗ, ಅಲ್ಲಿ ನೆರೆದಿದ್ದವರಲ್ಲಿ ಬಹಳ ಜನ ದೈಹಿಕ ಪರೀಕ್ಷೆ ಮುಗಿಸಿ ಲಿಖಿತ ಪರೀಕ್ಷೆಗೆ ವರ್ಷಗಟ್ಟಲೆ ಕಾದವರು. ನಾಲ್ಕು ವರ್ಷಕ್ಕೆ ಮುಗಿಯುವ ಸೈನಿಕ ಬದುಕು ಹೇಗಿರುತ್ತದೆ ಎಂಬ ಪುಸ್ತಕವನ್ನು ಅವರಲ್ಲೊಬ್ಬ ಮುಂದೆ ಬರೆಯಬಹುದು. ಸದ್ಯಕ್ಕೆ ಗೈಡೇ ಗತಿ.

ಅದೇ ಅಂಗಡಿಯ ಇನ್ನೊಂದು ಅಟ್ಟಿಯಲ್ಲಿ ತೆಲಂಗಾಣದ ಗ್ರೂಪ್ ಪರೀಕ್ಷೆಗಳ ಇತಿಹಾಸದ ಗೈಡುಗಳಿವೆ. ಅವುಗಳಲ್ಲಿ 1948ರ ಸೆಪ್ಟೆಂಬರ್ ತಿಂಗಳು ನಾಲ್ಕು ಆಯ್ಕೆಯ ಪ್ರಶ್ನೆಯಾಗಿ ಕುಳಿತಿದೆ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಕಾರ್ಯಾಚರಣೆ ಯಾವುದು? ಆಪರೇಷನ್ ಪೋಲೊ. ದಂಡಿನ ಮುಂದಾಳು ಯಾರು? ಮೇಜರ್ ಜನರಲ್ ಜೆ.ಎನ್. ಚೌಧುರಿ. ಶರಣಾದವರು? ಜನರಲ್ ಎಲ್ ಎದ್ರೂಸ್. ಅಲ್ಲಿಗೆ ಮುಗಿಯಿತು. ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಈ ಪುಟ ಓದುವಾಗ ಒಂದು ಥರ ಕಸಿವಿಸಿ. ನಮ್ಮ ಮನೆಗಳಲ್ಲಿ ಹಿರಿಯರು ವಯಸ್ಸು ಹೇಳುತ್ತಿದ್ದದ್ದೇ ‘ರಜಾಕಾರ್ ಹಾವಳಿಯಾಗ ನಾ ತೊಟ್ಟಿಲದಾಗಿದ್ದೆ’, ‘ಪೊಲೀಸ್ ಆ್ಯಕ್ಷನ್ ಆದ ವರ್ಷ ಮದುವೆ ಆತು’ ಎಂದು. ಅವರ ಆಯುಷ್ಯವನ್ನು ಎರಡು ತುಂಡು ಮಾಡಿದ ಸಂಗತಿಗೆ ಇಲ್ಲಿ ಒಂದು ಅಂಕ.

ಈ ಊರಿನ ಸುತ್ತಮುತ್ತ ನಡೆದ ಯುದ್ಧಗಳ ಬಗ್ಗೆ ಬಂದ ಪುಸ್ತಕಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದಾಗ ನನ್ನ ಕಣ್ಣಿಗೆ ಬಿದ್ದದ್ದು ಇಷ್ಟು: ಬರೆದವರಲ್ಲಿ ಹೆಚ್ಚಿನವರು ದಂಡು ನಡೆಸಿದವರು, ಇಲ್ಲವೇ ದಂಡನ್ನು ಕಳಿಸಿದವರು. ದಂಡು ಹಾದುಹೋದ ಊರಿನವರು ಬರೆದದ್ದು ಕಡಿಮೆ. ಅವರನ್ನು ಕೂಡಿಸಿಕೊಂಡು ಕೇಳಿ ಬರೆದದ್ದು ಇನ್ನೂ ಕಡಿಮೆ.

ಗುಡ್ಡದ ಮೇಲಿನ ಫ್ರೆಂಚ್ ಸೇನಾನಿ

ದಿಲ್‌ಸುಖ್‌ನಗರದಿಂದ ಮಲಕ್‌ಪೇಟೆ ಕಡೆಗೆ ಮೆಟ್ರೊ ಹತ್ತಿದರೆ ಮರು ನಿಲ್ದಾಣವೇ ಮೂಸಾರಾಂಬಾಗ್. ಈ ಹೆಸರಿನ ಹಿಂದಿರುವವನು ಮಿಷೆಲ್ ಜೋಕಿಂ ರೇಮಂಡ್. ಫ್ರಾನ್ಸಿನ ಗ್ಯಾಸ್ಕನಿಯಲ್ಲಿ 1755ರಲ್ಲಿ ಹುಟ್ಟಿ, ಇಪ್ಪತ್ತರ ವಯಸ್ಸಿಗೆ ಪುದುಚೇರಿಗೆ ಬಂದಿಳಿದ. ಮೊದಲು ಮೈಸೂರಿನಲ್ಲಿ ಹೈದರಾಲಿಯ ಕಡೆ ಇದ್ದ ಫ್ರೆಂಚ್ ತುಕಡಿಯಲ್ಲಿದ್ದ. ಆಮೇಲೆ ನಿಜಾಮನ ಚಾಕರಿಗೆ ಬಂದು ಕೆಲವೇ ನೂರು ಜನರ ಪಡೆಯನ್ನು ಹದಿನಾಲ್ಕು ಸಾವಿರಕ್ಕೆ ಬೆಳೆಸಿದ. ತೋಪು ಎರಕ ಹೊಯ್ಯಲು ಅವನು ಮಾಡಿದ ಕಾರ್ಖಾನೆಯ ಜಾಗ ಇಂದಿಗೂ ಅಬಿಡ್ಸ್ ಹತ್ತಿರ ಗನ್‌ಫೌಂಡ್ರಿ ಎಂಬ ಹೆಸರಲ್ಲಿದೆ. 1795ರಲ್ಲಿ ಖರ್ಡಾ ಕಾಳಗದಲ್ಲಿ ಮರಾಠರ ಎದುರು ನಿಜಾಮನ ಸೈನ್ಯ ಸೋತಾಗಲೂ ಅವನ ಪಲ್ಟನ್ನುಗಳು ಚೆದರಲಿಲ್ಲ. ಅದೇ ವರ್ಷ ನಿಜಾಮನ ಮಗ ಆಲಿಜಾ ತಂದೆಯ ವಿರುದ್ಧ ಬಂಡೆದ್ದು ಬೀದರಿನಲ್ಲಿ ಬೀಡುಬಿಟ್ಟ. ಅವನನ್ನು ಬಗ್ಗಿಸಲು ಹೋದದ್ದೂ ರೇಮಂಡನೇ.

1798ರ ಮಾರ್ಚ್ 25ರಂದು ಅವನು ಸತ್ತ. ವಿಷ ಹಾಕಿದರು ಎಂಬ ಗುಮಾನಿ ಆಗಲೂ ಇತ್ತು, ಈಗಲೂ ಇದೆ. ಆಸ್ಮಾನ್‌ಗಢದ ಗುಡ್ಡದ ಮೇಲೆ ಕಪ್ಪು ಕಲ್ಲಿನ ಸೂಜಿಗಂಬದ ಸಮಾಧಿ ಕಟ್ಟಿದರು. ಜನ ಅವನನ್ನು ತಮ್ಮವನನ್ನಾಗಿ ಮಾಡಿಕೊಂಡರು: ಮುಸ್ಲಿಮರಿಗೆ ಮೂಸಾ ರಹೀಮ್, ಹಿಂದೂಗಳಿಗೆ ಮೂಸಾ ರಾಮ್. ಕಳೆದ ಶತಮಾನದ ನಡುವಿನವರೆಗೂ ಅವನ ಪುಣ್ಯತಿಥಿಗೆ ಎರಡೂ ಕಡೆಯವರು ಗುಡ್ಡ ಹತ್ತುತ್ತಿದ್ದರು. ಕೂಲಿಗೆ ಯುದ್ಧ ಮಾಡಿದ ಪರದೇಶಿಯೊಬ್ಬನಿಗೆ ಇಂಥ ಪ್ರೀತಿ ಸಿಕ್ಕಿದ್ದು ಯಾಕೆ ಎಂಬುದು ಯಾವ ಪುಸ್ತಕದಲ್ಲೂ ನನಗೆ ಒಪ್ಪುವ ಹಾಗೆ ಸಿಕ್ಕಿಲ್ಲ. ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದನೇನೋ. ಆ ಕಾಲದಲ್ಲಿ ಸಿಪಾಯಿಗೆ ಅದಕ್ಕಿಂತ ದೊಡ್ಡ ಧರ್ಮ ಬೇರೆಯಿರಲಿಲ್ಲ.

ಅವನು ಸತ್ತ ಆರು ತಿಂಗಳೊಳಗೆ ನಿಜಾಮ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. 1798ರ ಅಕ್ಟೋಬರಿನಲ್ಲಿ ಕಂಪನಿಯ ಅಧಿಕಾರಿಗಳಾದ ಜೇಮ್ಸ್ ಕರ್ಕ್‌ಪ್ಯಾಟ್ರಿಕ್ ಮತ್ತು ಜಾನ್ ಮಾಲ್ಕಂ ಸೇರಿ ಆ ಹದಿನಾಲ್ಕು ಸಾವಿರ ಜನರ ಕೈಯಿಂದ ಆಯುಧ ಇಳಿಸಿಕೊಂಡರು. ಕಾಳಗವೇ ಆಗಲಿಲ್ಲ. ನಮ್ಮ ಕಡೆಯ ಓದುಗರು ಈ ಘಟನೆಯನ್ನು ಪಾಠದಲ್ಲಿ ಓದಿರುವುದಿಲ್ಲ, ಆದರೆ ಅದರ ಫಲ ಉಂಡವರು ನಾವೇ. ಬೆನ್ನ ಹಿಂದೆ ಫ್ರೆಂಚರ ಭಯ ತೀರಿದ ಮೇಲೆ ಕಂಪನಿಯ ಸೈನ್ಯ, ಮೀರ್ ಆಲಂ ಜತೆ ಬಂದ ನಿಜಾಮನ ದಂಡಿನೊಡನೆ ಶ್ರೀರಂಗಪಟ್ಟಣಕ್ಕೆ ನಡೆಯಿತು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಬಳ್ಳಾರಿ ಸೀಮೆಯಂಥ ಪ್ರದೇಶಗಳು ನಿಜಾಮನ ಪಾಲಿಗೆ ಬಂದವು. ಮರು ವರ್ಷವೇ ಅವನು ಅವನ್ನು ಕಂಪನಿಯ ಪಡೆಯ ಖರ್ಚಿಗೆಂದು ಬಿಟ್ಟುಕೊಟ್ಟ. ಬಳ್ಳಾರಿ 1953ರವರೆಗೂ ಮದ್ರಾಸಿಗೆ ಸೇರಿ ಉಳಿದದ್ದರ ಬೇರು ಅಲ್ಲಿದೆ. ಪಟ್ಟಣದ ಲೂಟಿಯಲ್ಲಿ ಮೀರ್ ಆಲಮನಿಗೆ ಬಂದ ಪಾಲಿನಿಂದ ಹೈದರಾಬಾದಿನ ಮೀರ್ ಆಲಂ ಕೆರೆ ಕಟ್ಟಿದರೆಂದು ಹೇಳುತ್ತಾರೆ. ಇಪ್ಪತ್ತೊಂದು ಕಮಾನುಗಳ ಆ ಕಟ್ಟೆ ಇಂದಿಗೂ ನೀರು ತಡೆದು ನಿಂತಿದೆ.

ಈ ಯುದ್ಧದ ಬಗ್ಗೆ ಪುಸ್ತಕ ಬರೆದವರು ಯಾರು ನೋಡಿ. ಯುದ್ಧ ಮುಗಿದ ಮರು ವರ್ಷ 1800ರಲ್ಲೇ ಅಲೆಕ್ಸಾಂಡರ್ ಬೀಟ್ಸನ್ ಟಿಪ್ಪು ವಿರುದ್ಧದ ಯುದ್ಧದ ಚರಿತ್ರೆ ಪ್ರಕಟಿಸಿದ. ಅವನು ಅದೇ ಮುತ್ತಿಗೆಯಲ್ಲಿದ್ದ ಅಧಿಕಾರಿ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ದಕ್ಷಿಣ ಭಾರತದ ಚರಿತ್ರೆಯನ್ನು ಮೂರು ಸಂಪುಟದಲ್ಲಿ ಬರೆದ. ಅವನೂ ಸೈನ್ಯದವನೇ. ಇನ್ನೊಂದು ತುದಿಯಿಂದ ಕಿರ್ಮಾಣಿ ಫಾರಸಿಯಲ್ಲಿ ಬರೆದ, ಅವನು ಹೈದರ್-ಟಿಪ್ಪು ಆಸ್ಥಾನದವನು. 2002ರಲ್ಲಿ ವಿಲಿಯಂ ಡಾಲ್ರಿಂಪಲ್ ‘ವೈಟ್ ಮೊಘಲ್ಸ್’ ಬರೆದಾಗ ಅವರಿಗೆ ಆಧಾರವಾಗಿ ಒದಗಿದ್ದು ಕರ್ಕ್‌ಪ್ಯಾಟ್ರಿಕ್ ಬರೆದ ಕಾಗದಗಳು. ಕಾಗದ ಬರೆದಿಟ್ಟವನ ಪ್ರೇಮಕಥೆ ಇನ್ನೂರು ವರ್ಷದ ನಂತರವೂ ಪುಸ್ತಕವಾಗುತ್ತದೆ. ಆಯುಧ ಇಳಿಸಿ ಮನೆಗೆ ನಡೆದ ಹದಿನಾಲ್ಕು ಸಾವಿರ ಜನ ಆ ವರ್ಷ ಏನು ತಿಂದರು ಎಂಬುದನ್ನು ಯಾರೂ ಬರೆದಿಡಲಿಲ್ಲ. ಶ್ರೀರಂಗಪಟ್ಟಣದ ಊರವರ ಕಡೆಯ ಕಥೆ ಲಾವಣಿಗಳಲ್ಲಿ ಉಳಿಯಿತು, ಅದೂ ಹಾಡುವವರು ಇರುವವರೆಗೆ.

ಕನ್ನಡದ ಆದಿಕವಿಯೂ ದಂಡಿನವನೇ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗದೆ ವಿಧಿಯಿಲ್ಲ. ಹೈದರಾಬಾದಿನಿಂದ ಉತ್ತರಕ್ಕೆ ಸುಮಾರು 150 ಕಿಲೊಮೀಟರ್ ದೂರದಲ್ಲಿ ವೇಮುಲವಾಡ ಇದೆ. ಇಂದು ತೆಲುಗರ ಪಾಲಿಗೆ ರಾಜರಾಜೇಶ್ವರನ ಕ್ಷೇತ್ರ. ಹತ್ತನೆಯ ಶತಮಾನದಲ್ಲಿ ಅಲ್ಲಿ ಅರಿಕೇಸರಿಯ ಆಸ್ಥಾನದಲ್ಲಿ ಕುಳಿತು ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದ, 941ರ ಆಸುಪಾಸಿನಲ್ಲಿ. ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಂಡೆಯ ಮೇಲೆ ಅವನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಇದೆ. ತೆಲುಗಿಗೆ ಶಾಸ್ತ್ರೀಯ ಸ್ಥಾನ ಕೇಳುವಾಗ ತೆಲುಗರು ಅದನ್ನೇ ಮುಂದಿಟ್ಟರು. ಪಂಪನ ಮನೆತನದ ವಿವರಕ್ಕೆ ಕನ್ನಡಿಗರೂ ಅದನ್ನೇ ನೆಚ್ಚಿದ್ದಾರೆ.

ಪಂಪ ತನ್ನನ್ನು ಕವಿಯೆಂದೂ ಕಲಿಯೆಂದೂ ಕರೆದುಕೊಂಡವನು. ಹಾಗಾಗಿ ಕನ್ನಡದ ಮೊದಲ ದೊಡ್ಡ ಯುದ್ಧದ ಪುಸ್ತಕವನ್ನೂ ಕತ್ತಿ ಹಿಡಿದ ಕೈಯೇ ಬರೆದದ್ದು. ಆದರೆ ಪಂಪ ಆ ಕೈಯಿಂದ ಬೇರೆಯವರು ಮಾಡದ ಕೆಲಸವೊಂದನ್ನು ಮಾಡಿಸಿದ. ಅರಿಕೇಸರಿಯನ್ನೇ ಅರ್ಜುನನೆಂದು ಹೊಗಳಿ ಹೊರಟ ಕಾವ್ಯದಲ್ಲಿ ಓದುಗರ ನೆನಪಿಗೆ ಅಂಟಿ ಉಳಿದವನು ಕರ್ಣ. ಗೆದ್ದವನ ಅನ್ನ ಉಂಡು ಸೋತವನ ಪರವಾಗಿ ಇಷ್ಟು ಆಸ್ಥೆಯಿಂದ ಬರೆದ ದಂಡಿನ ಕವಿ ಬೇರೆ ಭಾಷೆಗಳಲ್ಲಿ ಎಷ್ಟಿದ್ದಾರೋ ಕಾಣೆ. ಅರ್ಧ ಶತಮಾನದೊಳಗೆ ರನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿಕೊಂಡು ಹೋದ. ಕುವೆಂಪು 1931ರಲ್ಲಿ ‘ಶ್ಮಶಾನ ಕುರುಕ್ಷೇತ್ರಂ’ ಬರೆಯುವಾಗ ಗೆಲುವಿನ ಮರುಗಳಿಗೆಯ ಕಳವಳವನ್ನೇ ನಾಟಕ ಮಾಡಿದರು. ಎಸ್.ಎಲ್. ಭೈರಪ್ಪನವರ ‘ಪರ್ವ’ 1979ರಲ್ಲಿ ಬಂತು. ಅದರಲ್ಲಿ ಯುದ್ಧವೆಂದರೆ ದವಸ ತರಿಸುವ ಪಾಡು, ಲಾಯದ ಲದ್ದಿ, ಕೊಳೆತ ಹೆಣದ ನಾತ, ಕಡೆಗೆ ಗಂಡಸರು ಸತ್ತ ಊರುಗಳ ಹೆಂಗಸರು. ಮಹಾಭಾರತದ ಬಗ್ಗೆ ಭೈರಪ್ಪನವರ ನಿಲುವುಗಳನ್ನು ಒಪ್ಪದವರು ಸಹ ಆ ಪುಟಗಳನ್ನು ಮರೆಯಲಾರರು. ಯುದ್ಧಾನಂತರದ ಬಗ್ಗೆ ಕನ್ನಡಕ್ಕೆ ಹೇಳಲು ಬರುತ್ತದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಲದೇ? ಆದರೆ ಇವೆಲ್ಲ ಕುರುಕ್ಷೇತ್ರದ ಹೆಸರಲ್ಲಿ ಹೇಳಿದ್ದು. ನಮ್ಮದೇ ಊರು, ನಮ್ಮದೇ ಇಸವಿ ಬಂದಾಗ ದನಿ ತಗ್ಗುತ್ತದೆ.

ಸುರಪುರದ ಟೇಲರ್

ನಮ್ಮ ಊರು, ನಮ್ಮ ಇಸವಿ ಎರಡೂ ಇರುವ ಪುಸ್ತಕವೊಂದು ಇಂಗ್ಲಿಷಿನಲ್ಲಿದೆ. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ. ಹದಿನೈದು ತುಂಬಿದ ಹುಡುಗ ಮುಂಬೈಯ ವ್ಯಾಪಾರಿಯೊಬ್ಬನ ಕಡೆ ಕೆಲಸಕ್ಕೆಂದು ಬಂದ, ವ್ಯಾಪಾರ ಕೈಹಿಡಿಯಲಿಲ್ಲ, 1824ರಲ್ಲಿ ನಿಜಾಮನ ಸೈನ್ಯ ಸೇರಿದ. ಈ ದಂಡಿನ ಅಧಿಕಾರಿ ಬರೆದ ‘ಕನ್ಫೆಷನ್ಸ್ ಆಫ್ ಎ ಥಗ್’ 1839ರಲ್ಲಿ ಬಂದಾಗ ವಿಕ್ಟೋರಿಯಾ ರಾಣಿಯೂ ಅದನ್ನು ಓದಿದಳು. ಮರು ವರ್ಷವೇ ‘ಟಿಪ್ಪು ಸುಲ್ತಾನ್’ ಎಂಬ ಮೈಸೂರು ಯುದ್ಧದ ಕಾದಂಬರಿ. 1841ರಲ್ಲಿ ಅವನನ್ನು ಸುರಪುರಕ್ಕೆ ಕಳಿಸಿದರು. ಬಾಲಕ ದೊರೆ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನ ನೋಡಿಕೊಳ್ಳುವುದು ಅವನ ಕೆಲಸ. ರಾಣಿ ಈಶ್ವರಮ್ಮನ ಜತೆ ಜಟಾಪಟಿ, ಲೆಕ್ಕಪತ್ರ, ಕೆರೆ, ರಸ್ತೆ, ಇದರಲ್ಲೇ ಹನ್ನೆರಡು ವರ್ಷ ಕಳೆಯಿತು. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ಇದೆ. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ.

1858ರ ಫೆಬ್ರುವರಿಯಲ್ಲಿ ಆ ಹುಡುಗ ದೊಡ್ಡವನಾಗಿ ಕಂಪನಿಯ ವಿರುದ್ಧ ಎದ್ದ. ಸುರಪುರದ ಬೇಡರ ದಾಳಿಗೆ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೊರಗಿನಿಂದ ಪಡೆ ಬಂದ ಮೇಲೆ ವೆಂಕಟಪ್ಪ ನಾಯಕ ಹೈದರಾಬಾದಿಗೆ ಓಡಿದ, ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್‌ನ ಕಡೆಯಿಂದ ಸೆರೆಯಾದ. ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಂಡ. ಮರಣದಂಡನೆ ಇಳಿಯುತ್ತಾ ಇಳಿಯುತ್ತಾ ನಾಲ್ಕು ವರ್ಷದ ಕೈದಿಗೆ ಬಂತು. ಮದ್ರಾಸ್ ಕಡೆಯ ಕೋಟೆಗೆ ಒಯ್ಯುವಾಗ, ಹೈದರಾಬಾದ್ ಬಿಟ್ಟ ಮೊದಲ ಬಿಡಾರದಲ್ಲೇ, ಕಾವಲಿನ ಅಧಿಕಾರಿ ಪಿಸ್ತೂಲಿನ ಪಟ್ಟಿಯನ್ನು ಬಿಚ್ಚಿ ಇಟ್ಟು ಆಚೆ ಹೋದಾಗ ಗುಂಡಿನ ಸದ್ದು ಕೇಳಿತು. ದೊರೆ ತಾನೇ ಹೊಡೆದುಕೊಂಡನೆಂದು ಟೇಲರ್ ಬರೆದಿದ್ದಾನೆ. ಸುರಪುರ ಕಡೆಯವರು ಈ ಮಾತನ್ನು ಪೂರ್ತಿ ನಂಬಿದ್ದಾರೆಂದು ಹೇಳಲಾರೆ. ಇಪ್ಪತ್ತನಾಲ್ಕರ ತರುಣ ದೊರೆ ಕಾವಲಿನ ನಡುವೆ ಒಬ್ಬನೇ, ಪಕ್ಕದಲ್ಲಿ ತುಂಬಿದ ಪಿಸ್ತೂಲು. ಅನುಮಾನ ಹುಟ್ಟದೆ ಇನ್ನೇನು?

ಟೇಲರನ ಆತ್ಮಕಥೆ 1877ರಲ್ಲಿ ಅವನ ಮಗಳ ಕೈಯಲ್ಲಿ ಸಿದ್ಧವಾಗಿ ಹೊರಬಂತು. ಆಗ ಅವನು ಸತ್ತು ಒಂದು ವರ್ಷ. ಆ ಪುಸ್ತಕದಲ್ಲಿ ಸುರಪುರದ ಭಾಗ ಅತ್ಯಂತ ಸೊಗಸಾಗಿದೆ. ಅದನ್ನು ಓದುವಾಗ ಈ ಮನುಷ್ಯನ ದುಃಖ ನಿಜವಾದದ್ದು ಎಂದು ಅನಿಸುತ್ತದೆ. ಅದೇ ಹೊತ್ತಿಗೆ ಇನ್ನೊಂದು ಸಂಗತಿ ಮನಸ್ಸಿಗೆ ಚುಚ್ಚುತ್ತದೆ. ವೆಂಕಟಪ್ಪ ನಾಯಕನ ಪ್ರೀತಿ, ಕೋಪ, ಕಣ್ಣೀರು, ಕಡೆಗೆ ಅವನ ಸಾವು ಎಲ್ಲವೂ ನಮಗೆ ಸಿಗುವುದು ಅವನನ್ನು ಆಳಿದವರ ಕಡೆಯ ಅಧಿಕಾರಿಯ ಬರಹದಿಂದ. ಸಾಕಿದವನ ವಾತ್ಸಲ್ಯ ಸುಳ್ಳಲ್ಲ, ಆದರೂ ಸಾಕಿದವನು ಆ ಕಥೆಯಲ್ಲಿ ಕಕ್ಷಿದಾರ. ರಾಣಿ ಈಶ್ವರಮ್ಮ ಬರೆದ ಒಂದು ದಿನಚರಿ ಇದ್ದಿದ್ದರೆ ಟೇಲರನ ಪುಸ್ತಕಕ್ಕೆ ಎಷ್ಟು ತಿದ್ದುಪಡಿ ಬೀಳುತ್ತಿತ್ತೋ.

ಐದು ದಿನ, ಐದಾರು ಪುಸ್ತಕ

ಹೈದರಾಬಾದಿನ ಬಗ್ಗೆ ಅತಿ ಹೆಚ್ಚು ಪುಸ್ತಕ ಬರೆಸಿಕೊಂಡ ಯುದ್ಧ 1948ರದ್ದು. ಸೆಪ್ಟೆಂಬರ್ 13ರ ಬೆಳಗಿನ ಜಾವ ಸೊಲ್ಲಾಪುರದಿಂದ ಹೊರಟ ಮುಖ್ಯ ದಂಡು ನಳದುರ್ಗ ದಾಟಿ ಬೀದರ್ ಜಿಲ್ಲೆಯ ರಾಜೇಶ್ವರ, ಹುಮನಾಬಾದ್ ಮೂಲಕ ಜಹೀರಾಬಾದಿಗೆ ನಡೆಯಿತು. ಇನ್ನೊಂದು ವಿಜಯವಾಡ ಕಡೆಯಿಂದ. ನಮ್ಮ ದಕ್ಷಿಣದಲ್ಲಿ ಹೊಸಪೇಟೆಯ ಸಕ್ಕರೆ ಕಾರ್ಖಾನೆಯನ್ನು ವಶಪಡಿಸಿಕೊಂಡದ್ದು ಮೈಸೂರು ಪದಾತಿ ಪಡೆ. 17ರ ಸಂಜೆ ನಿಜಾಮ ಕದನವಿರಾಮ ಸಾರಿದ. ಟ್ಯಾಂಕು, ವಿಮಾನ, ಆರ್ಮರ್ಡ್ ಡಿವಿಷನ್ ಎಲ್ಲ ಇದ್ದರೂ ಇದಕ್ಕೆ ಇಟ್ಟ ಹೆಸರು ಪೊಲೀಸ್ ಕಾರ್ಯಾಚರಣೆ. ಯುದ್ಧವೆಂದು ಕರೆಯದ ಮೇಲೆ ಯುದ್ಧದಲ್ಲಿ ಸತ್ತವರ ಪಟ್ಟಿ ಯಾಕೆ ಬೇಕು?

ಪುಸ್ತಕಗಳು ಒಂದರ ಹಿಂದೊಂದು ಬಂದವು. ಸರ್ದಾರ್ ಪಟೇಲರ ಬಲಗೈಯಾಗಿದ್ದ ವಿ.ಪಿ. ಮೆನನ್ ಸಂಸ್ಥಾನಗಳ ವಿಲೀನದ ಕಥೆಯನ್ನು 1956ರಲ್ಲಿ ಬರೆದರು. ಭಾರತದ ಪ್ರತಿನಿಧಿಯಾಗಿ ಹೈದರಾಬಾದಿನಲ್ಲಿ ಕುಳಿತಿದ್ದ ಕೆ.ಎಂ. ಮುನ್ಶಿ 1957ರಲ್ಲಿ ‘ದಿ ಎಂಡ್ ಆಫ್ ಆ್ಯನ್ ಎರಾ’ ಬರೆದರು. ನಿಜಾಮನ ಕೊನೆಯ ಪ್ರಧಾನಿ ಮೀರ್ ಲಾಯಕ್ ಅಲಿ 1950ರಲ್ಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿ, 1962ರಲ್ಲಿ ಕರಾಚಿಯಿಂದ ‘ಟ್ರ್ಯಾಜಿಡಿ ಆಫ್ ಹೈದರಾಬಾದ್’ ಪ್ರಕಟಿಸಿದ. ಸೋತ ಸೇನಾಪತಿ ಎಲ್ ಎದ್ರೂಸ್‌ನ ನೆನಪುಗಳು ಅವನು ಸತ್ತು ಎಷ್ಟೋ ವರ್ಷಕ್ಕೆ, 1994ರಲ್ಲಿ ‘ಹೈದರಾಬಾದ್ ಆಫ್ ದಿ ಸೆವೆನ್ ಲೋವ್ಸ್’ ಎಂದು ಹೊರಬಂದವು. ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗದಿಂದ ಎಸ್.ಎನ್. ಪ್ರಸಾದ್ 1972ರಲ್ಲಿ ಅಧಿಕೃತ ಚರಿತ್ರೆ ಕೊಟ್ಟರು. ನಮ್ಮ ಸಿಂದಗಿಯಲ್ಲಿ ಹುಟ್ಟಿ ಸಂಸ್ಥಾನದ ಕಾಂಗ್ರೆಸ್ಸನ್ನು ನಡೆಸಿದ ಸ್ವಾಮಿ ರಮಾನಂದ ತೀರ್ಥರು 1967ರಲ್ಲಿ ತಮ್ಮ ನೆನಪುಗಳನ್ನು ಬರೆದರು. ಇವರಲ್ಲಿ ಜನರಿಗೆ ಅತ್ಯಂತ ಹತ್ತಿರ ಇದ್ದವರು ತೀರ್ಥರೇ.

ಈ ಪುಸ್ತಕಗಳನ್ನು ಒಟ್ಟಿಗೆ ಓದಿದರೆ ಒಂದೇ ವ್ಯಾಜ್ಯದ ವಾದಿ, ಪ್ರತಿವಾದಿ, ವಕೀಲ ಎಲ್ಲರೂ ಮಾತಾಡಿದಂತೆ ಕೇಳುತ್ತದೆ. ಮುನ್ಶಿಯ ಪುಸ್ತಕದಲ್ಲಿ ಲಾಯಕ್ ಅಲಿ ಹಟಮಾರಿ, ಲಾಯಕ್ ಅಲಿಯ ಪುಸ್ತಕದಲ್ಲಿ ಮುನ್ಶಿ ಒಳಸಂಚುಗಾರ. ಎದ್ರೂಸ್‌ನದು ಬೇರೆಯೇ ದನಿ. ತನ್ನ ಕೈಕೆಳಗಿನ ಸೈನ್ಯಕ್ಕೆ ಆಧುನಿಕ ಭಾರತದ ದಂಡನ್ನು ತಡೆಯುವ ಶಕ್ತಿಯಿಲ್ಲ ಎಂದು ಬಲ್ಲ ಸೇನಾಪತಿ ಅವನು. ಸೋತವರ ಪುಸ್ತಕಗಳಲ್ಲಿ ಗೆದ್ದವರದ್ದಕ್ಕಿಂತ ಹೆಚ್ಚು ಮನುಷ್ಯರು ಕಾಣುತ್ತಾರೆ ಎಂಬ ನನ್ನ ಅನಿಸಿಕೆಗೆ ಈ ಪುಸ್ತಕವೂ ಒಂದು ಆಧಾರ.

ಇಷ್ಟು ಮಂದಿ ಬರೆದ ಮೇಲೂ ಊರುಗಳ ಕಥೆ ಹೊರಗೇ ಉಳಿಯಿತು. ನಿಜಾಮನ ಪರ ನಿಂತ ಕಾಸಿಂ ರಜ್ವಿಯ ಖಾಸಗಿ ಪಡೆಯಾದ ರಜಾಕಾರರು 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾದಲ್ಲಿ ನಡೆಸಿದ ಕೊಲೆಗಳು, ಮುಂಡರಗಿ, ಗಜೇಂದ್ರಗಡಗಳಲ್ಲಿ ಎದ್ದ ಹೋರಾಟಗಾರರ ಗಡಿ ಶಿಬಿರಗಳು, ಎತ್ತಿನ ಗಾಡಿಯಲ್ಲಿ ಸೊಲ್ಲಾಪುರಕ್ಕೋ ಗದಗಕ್ಕೋ ಹೋಗಿ ತಿಂಗಳುಗಟ್ಟಲೆ ನೆಂಟರ ಮನೆಯಲ್ಲಿ ಕಳೆದ ಸಂಸಾರಗಳು. ಇದು ಒಂದು ಕಡೆ. ದಂಡು ಬಂದ ಮೇಲೆ ನಡೆದದ್ದು ಇನ್ನೊಂದು ಕಡೆ. ರಜಾಕಾರರಲ್ಲದ ಮುಸ್ಲಿಂ ಕುಟುಂಬಗಳ ಮೇಲೆ ಆಗ ಬಿದ್ದ ಪೆಟ್ಟನ್ನು ತನಿಖೆ ಮಾಡಲು ಕೇಂದ್ರ ಸರ್ಕಾರ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮೊದಲಾದವರನ್ನು ಕಳಿಸಿತು. ಅವರು ವರ್ಷದ ಕೊನೆಯಲ್ಲಿ ಜಿಲ್ಲೆಗಳನ್ನು ಸುತ್ತಿ ಬಂದು ಕೊಟ್ಟ ಅಂದಾಜು: ಒಟ್ಟು 27,000ದಿಂದ 40,000 ಸಾವು. ಅತಿ ಹೆಚ್ಚು ಬಾಧೆಗೊಂಡ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ನಾಲ್ಕರಲ್ಲಿ ಎರಡು ನಮ್ಮವು. ಭಾರತದ ಸೇನೆಯ ಕಡೆ ಸತ್ತವರು ನೂರಕ್ಕೂ ಕಡಿಮೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಆ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ದಶಕಗಳ ಕಾಲ ಅದು ಬೀರುವಿನಲ್ಲಿತ್ತು. ಎ.ಜಿ. ನೂರಾನಿ ‘ದಿ ಡಿಸ್ಟ್ರಕ್ಷನ್ ಆಫ್ ಹೈದರಾಬಾದ್’ ಪುಸ್ತಕದ ಅನುಬಂಧದಲ್ಲಿ ಅದನ್ನು ಅಚ್ಚು ಹಾಕಿದಾಗ ಸುಮಾರು 65 ವರ್ಷ ಕಳೆದಿತ್ತು. ಅಷ್ಟು ಹೊತ್ತಿಗೆ ಸಾಕ್ಷಿ ಹೇಳಬಲ್ಲವರಲ್ಲಿ ಬಹಳ ಜನ ಮಣ್ಣಾಗಿದ್ದರು. ಗೋರ್ಟಾದ ಸಾವುಗಳನ್ನು ನೆನೆಯುವವರು ಈ ವರದಿಯನ್ನು ಎತ್ತುವುದಿಲ್ಲ, ವರದಿಯನ್ನು ಎತ್ತುವವರು ಗೋರ್ಟಾವನ್ನು ಬೇಗ ದಾಟುತ್ತಾರೆ. ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಧ್ವಜ ಏರುತ್ತದೆ, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಎಂಬ ಹೆಸರಲ್ಲಿ. ಭಾಷಣಗಳು ಎರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತವೆ. ಕನ್ನಡದಲ್ಲಿ ಹೋರಾಟಗಾರರ ನೆನಪುಗಳು, ಜಿಲ್ಲೆವಾರು ವಿಮೋಚನೆಯ ಚರಿತ್ರೆಗಳು ಬಂದಿವೆ, ಅವುಗಳ ಬೆಲೆಯನ್ನು ನಾನು ತಗ್ಗಿಸುತ್ತಿಲ್ಲ. ಆದರೆ ಅವು ಹೆಚ್ಚಾಗಿ ಶಿಬಿರದ ಕಥೆಗಳು, ಶಿಬಿರದ ಮುಖಂಡರ ಕಥೆಗಳು. ಕತ್ತಲಾದ ಮೇಲೆ ಶಿಬಿರಕ್ಕೆ ರೊಟ್ಟಿ ಬುತ್ತಿ ಹೊತ್ತ ಹೆಂಗಸು ಒಂದು ಸಾಲಿನಲ್ಲಿ ಬಂದು ಹೋಗುತ್ತಾಳೆ.

ಕೇಳಿ ಬರೆದ ಪುಸ್ತಕ

ಅದೇ ಹೊತ್ತಿನಲ್ಲಿ, 1946ರಿಂದ 1951ರವರೆಗೆ, ಇದೇ ಸಂಸ್ಥಾನದ ತೆಲುಗು ಜಿಲ್ಲೆಗಳಲ್ಲಿ ರೈತರ ಸಶಸ್ತ್ರ ಹೋರಾಟ ನಡೆಯಿತು. ಅದರ ಬಗ್ಗೆಯೂ ನಾಯಕರೇ ಮೊದಲು ಬರೆದರು. ಪಿ. ಸುಂದರಯ್ಯನವರ ದಪ್ಪ ಪುಸ್ತಕ 1972ರಲ್ಲಿ ಬಂತು. ಆದರೆ ತೆಲುಗಿನಲ್ಲಿ ಇನ್ನೊಂದು ಕೆಲಸ ಆಯಿತು. ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯ ಹೆಂಗಸರು ಟೇಪ್ ರೆಕಾರ್ಡರ್ ಹಿಡಿದು ಆ ಹೋರಾಟದಲ್ಲಿದ್ದ ಹೆಂಗಸರ ಬಳಿ ಹೋದರು. ಮಲ್ಲು ಸ್ವರಾಜ್ಯಂ, ಚಾಕಲಿ ಐಲಮ್ಮ, ಆರುಟ್ಲ ಕಮಲಾದೇವಿ ಮೊದಲಾದವರು ಮಾತಾಡಿದರು. ಅದನ್ನು 1986ರಲ್ಲಿ ‘ಮನಕು ತೆಲಿಯನಿ ಮನ ಚರಿತ್ರ’ ಎಂದು ಪ್ರಕಟಿಸಿದರು. ಮೂರು ವರ್ಷದ ನಂತರ ಇಂಗ್ಲಿಷಿನಲ್ಲೂ ಬಂತು.

ಬಂದೂಕು ಹಿಡಿದದ್ದರ ಹೆಮ್ಮೆ ಆ ಪುಸ್ತಕದಲ್ಲಿದೆ. ಹೋರಾಟ ಮುಗಿದ ಮೇಲೆ ಪಕ್ಷ ‘ಇನ್ನು ಮನೆಗೆ ಹೋಗಿ’ ಎಂದಾಗ ಹೋಗಲು ಮನೆಯೇ ಇಲ್ಲದವರ ಕಹಿಯೂ ಇದೆ. ಕಾಡಿನಲ್ಲಿ ಹಡೆದ ಕೂಸನ್ನು ಏನು ಮಾಡುವುದು, ದಳದ ಗಂಡಸರ ನಡುವೆ ಹೇಗೆ ಬದುಕುವುದು ಎಂಬ, ಯಾವ ಸೇನಾ ಚರಿತ್ರೆಯೂ ಕೇಳದ ಪ್ರಶ್ನೆಗಳನ್ನು ಇವರು ಕೇಳಿದರು. ಬೆಲಾರುಸ್‌ನ ಸ್ವೆಟ್ಲಾನಾ ಅಲೆಕ್ಸಿಯೆವಿಚ್ ಎರಡನೆಯ ಮಹಾಯುದ್ಧದಲ್ಲಿ ದುಡಿದ ಸೋವಿಯತ್ ಹೆಂಗಸರನ್ನು ಇದೇ ಥರ ಕೂಡಿಸಿಕೊಂಡು ಕೇಳಿ ಬರೆದ ಪುಸ್ತಕ ಬಂದದ್ದು 1985ರಲ್ಲಿ, ಅಂದರೆ ಕೇವಲ ಒಂದು ವರ್ಷ ಮೊದಲು. ಆ ಬಗೆಯ ಬರಹಕ್ಕೆ 2015ರಲ್ಲಿ ನೊಬೆಲ್ ಸಿಕ್ಕಿತು. ಹೈದರಾಬಾದಿನ ಹೆಂಗಸರು ಮಾಡಿದ್ದು ಅಷ್ಟೇ ತೂಕದ ಕೆಲಸ. ಬೀದರ್, ಕಲಬುರಗಿಯ ಹಳ್ಳಿಗಳಿಗೂ ಇಂಥದೊಂದು ಪುಸ್ತಕ ಅದೇ ಎಂಬತ್ತರ ದಶಕದಲ್ಲಿ ಬರಬೇಕಿತ್ತು. ಆಗ 1948ನ್ನು ಕಂಡವರಿಗೆ ಅರವತ್ತರ ಆಸುಪಾಸು, ನೆನಪು ಗಟ್ಟಿ. ಇಂದು ಆಗ ಹದಿನೈದು ವರ್ಷದವಳಾಗಿದ್ದ ಅಜ್ಜಿಗೆ ತೊಂಬತ್ತು ದಾಟಿದೆ. ಅವಳು ಹಿಂದೂವೋ ಮುಸ್ಲಿಮಳೋ ಎಂದು ನೋಡದೆ ಎರಡೂ ಮನೆಯ ಕಟ್ಟೆಯಲ್ಲಿ ಕೂರಬಲ್ಲ ವಿದ್ಯಾರ್ಥಿಗಳು ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಖಂಡಿತ ಇದ್ದಾರೆ. ಅವರಿಗೆ ಹೇಳುವವರು ಬೇಕು, ಅಷ್ಟೇ.

ದಿಲ್‌ಸುಖ್‌ನಗರದ ಪಾಲು

ಯುದ್ಧ ಈಗ ದಂಡು ಕಟ್ಟಿಕೊಂಡು ಬರುವುದಿಲ್ಲ. 2013ರ ಫೆಬ್ರುವರಿ 21ರ ಸಂಜೆ ದಿಲ್‌ಸುಖ್‌ನಗರದ ಬಸ್ ನಿಲ್ದಾಣದ ಹತ್ತಿರ ಒಂದು, ಕೂಗಳತೆಯಲ್ಲಿದ್ದ ಮಿರ್ಚಿ ಸೆಂಟರ್ ಎದುರು ಇನ್ನೊಂದು ಬಾಂಬು ಸಿಡಿಯಿತು. ಬಾಂಬುಗಳನ್ನು ಸೈಕಲ್ಲಿಗೆ ಕಟ್ಟಿ ನಿಲ್ಲಿಸಿದ್ದರು. ಕನಿಷ್ಠ 17 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಕೋಚಿಂಗ್ ಮುಗಿಸಿ ಬಸ್ಸಿಗೆ ಕಾದಿದ್ದ, ಬಜ್ಜಿ ತಿನ್ನಲು ನಿಂತಿದ್ದ ವಿದ್ಯಾರ್ಥಿಗಳು ಅವರಲ್ಲಿದ್ದರು. ಈ ಬಡಾವಣೆಗೆ ಅದು ಮೊದಲ ಸಲವೂ ಅಲ್ಲ: 2002ರ ನವೆಂಬರಿನಲ್ಲಿ ಸಾಯಿಬಾಬಾ ಗುಡಿಯ ಹತ್ತಿರ ಸಿಡಿದಿತ್ತು, 2007ರ ಆಗಸ್ಟಿನಲ್ಲಿ ಲುಂಬಿನಿ ಪಾರ್ಕ್, ಗೋಕುಲ್ ಚಾಟ್ ಸ್ಫೋಟಗಳ ರಾತ್ರಿ ಸಿಡಿಯದ ಬಾಂಬೊಂದು ಇಲ್ಲೇ ಸಿಕ್ಕಿತ್ತು. 2016ರ ಡಿಸೆಂಬರಿನಲ್ಲಿ ಎನ್‌ಐಎ ನ್ಯಾಯಾಲಯ ಇಂಡಿಯನ್ ಮುಜಾಹಿದೀನ್‌ನ ಐವರಿಗೆ ಗಲ್ಲು ವಿಧಿಸಿತು, 2025ರ ಏಪ್ರಿಲಿನಲ್ಲಿ ತೆಲಂಗಾಣ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಐವರಲ್ಲಿ ಒಬ್ಬನ ಹೆಸರಿಗೆ ನಮ್ಮ ಕರಾವಳಿಯ ಭಟ್ಕಳ ಅಂಟಿಕೊಂಡಿದೆ. ಮಲ್ಲಿಗೆಗೂ ಮೀನಿಗೂ ಹೆಸರಾದ ಆ ಊರಿನ ಹುಡುಗರು ಹೊರಗೆ ಬಾಡಿಗೆ ಮನೆ ಕೇಳಲು ಹೋದಾಗ ಊರ ಹೆಸರು ಹೇಳಲು ತಡವರಿಸುವಂತಾದದ್ದೂ ಈ ಕಥೆಯ ಒಂದು ಅಧ್ಯಾಯವೇ. ಅದನ್ನು ಬರೆಯಬೇಕಾದವರು ಭಟ್ಕಳದವರು.

ಆ ಸಂಜೆಯ ಬಗ್ಗೆ ಹೆಚ್ಚು ವಿವರವಾದ ದಾಖಲೆ ಇರುವುದು ತೀರ್ಪಿನ ಕಡತದಲ್ಲಿ. ನೂರೈವತ್ತಕ್ಕೂ ಹೆಚ್ಚು ಸಾಕ್ಷಿಗಳು ಅಲ್ಲಿ ಮಾತಾಡಿದ್ದಾರೆ. ಆದರೆ ಸಾಕ್ಷಿಕಟ್ಟೆಯಲ್ಲಿ ಕೇಳುವ ಪ್ರಶ್ನೆಗಳು ಅವೇ: ಎಷ್ಟು ಹೊತ್ತಿಗೆ, ಎಷ್ಟು ದೂರದಲ್ಲಿ, ಸೈಕಲ್ಲಿನ ಬಣ್ಣ ಯಾವುದು, ಇವನೇನಾ ಅವನು. ಆಮೇಲೆ ಕಿವಿ ಕೇಳಿಸಿತೇ, ಆ ವರ್ಷದ ಪರೀಕ್ಷೆ ಬರೆದೆಯಾ, ಪಟ್ಟಣಕ್ಕೆ ಓದಲು ಕಳಿಸಿದ ಅಪ್ಪ ಏನೆಂದ ಎಂದು ವಕೀಲರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಟೇಲರನ ಪುಸ್ತಕ ಬರಲು ಸುರಪುರದ ಘಟನೆಯಾಗಿ ಹತ್ತೊಂಬತ್ತು ವರ್ಷ ಬೇಕಾಯಿತು. ತೆಲಂಗಾಣದ ಹೆಂಗಸರ ಮಾತು ಅಚ್ಚಾಗಲು ಮೂವತ್ತೈದು ವರ್ಷ. ದಿಲ್‌ಸುಖ್‌ನಗರದ ಬಸ್ ನಿಲ್ದಾಣದಲ್ಲಿ ಅಂದು ಇಪ್ಪತ್ತರ ಆಚೀಚೆ ಇದ್ದವರಿಗೆ ಈಗಿನ್ನೂ ಮೂವತ್ತು ದಾಟಿದೆ. ಅವರು ನೌಕರಿಯಲ್ಲಿದ್ದಾರೆ, ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದಾರೆ, ಕೆಲವರು ಇದೇ ಬೀದಿಯಲ್ಲಿ ಪಾಠ ಹೇಳುತ್ತಲೂ ಇರಬಹುದು. ತೆಲುಗಿನಲ್ಲೋ ಉರ್ದುವಿನಲ್ಲೋ ಕನ್ನಡದಲ್ಲೋ, ಅವರನ್ನು ಈಗಲೇ ಕೇಳಬಹುದು.